ಬಿ.ಕಾಂ. ಓದುತ್ತಲೇ ಎಲ್‌ಎಲ್‌ಬಿಗೆ ತಯಾರಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಡೊಂಬಿವಲಿಯವನು. ಹತ್ತನೆಯವರೆಗೆ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ್ದೇನೆ. ಈಗ ಮುಂಬಯಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಮೂರನೇ ಸೆಮಿಸ್ಟರಿನ ಒಂದು ಕೆಟಿ (ಫೇಲಾಗಿ ಮತ್ತೆ ಬರೆಯಬೇಕಾದ ಪೇಪರ್) ಉಳಿದಿದೆ. ಪದವಿ ಮುಗಿಸಿ ವಕೀಲನಾಗಬೇಕೆಂದಿದ್ದೇನೆ. ಈಗಲೇ ಕೋಚಿಂಗ್ ಕ್ಲಾಸಿಗೆ ಸೇರಬೇಕೆ? ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯಬೇಕೆ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ತಂದೆ 1990ರ ಸುಮಾರಿಗೆ ಉಡುಪಿ ಕಡೆಯಿಂದ ಬಂದು ಹೊಟೇಲು ಕೆಲಸದಲ್ಲಿದ್ದಾರೆ. ಊರಿನಲ್ಲಿ ನಮ್ಮದು ಹಿಂದುಳಿದ ವರ್ಗ. ಇಲ್ಲಿ ಆ ಮೀಸಲಾತಿ ಸಿಗುತ್ತದೆಯೆ? ಎಲ್‌ಎಲ್‌ಬಿ ಓದುತ್ತಾ ಕೆಲಸಕ್ಕೂ ಹೋಗಬಹುದೆ?

ಉತ್ತರ:

ಕ್ಲಾಟ್ ವಿಷಯ ಮೊದಲು ಮುಗಿಸೋಣ. ನೀವು ಅದನ್ನು ಬರೆಯಬೇಕಾಗಿಲ್ಲ. ಹನ್ನೆರಡನೆಯ ನಂತರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಐದು ವರ್ಷದ ಕೋರ್ಸಿಗೆ ಸೇರುವವರಿಗೆ ಒಂದು ಕ್ಲಾಟ್, ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂ ಮಾಡುವವರಿಗೆ ಇನ್ನೊಂದು. ಪದವಿ ಮುಗಿಸಿದವರ ಮೂರು ವರ್ಷದ ಎಲ್‌ಎಲ್‌ಬಿಗೆ ಮಹಾರಾಷ್ಟ್ರದಲ್ಲಿ ಬರೆಯಬೇಕಾದದ್ದು ರಾಜ್ಯ ಸಿಇಟಿ ಸೆಲ್ ನಡೆಸುವ ಎಂಎಚ್ ಸಿಇಟಿ ಲಾ, ಅದರಲ್ಲೂ ಮೂರು ವರ್ಷದ ಕೋರ್ಸಿನದು. ಅರ್ಜಿ ತುಂಬುವಾಗ ಐದು ವರ್ಷದ್ದನ್ನು ಒತ್ತಿಬಿಡುವವರಿದ್ದಾರೆ, ನೋಡಿಕೊಳ್ಳಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಬೇರೆಯೇ ಪರೀಕ್ಷೆ, ಅದರಲ್ಲಿ ಬರೆದು ಉತ್ತರಿಸುವ ಭಾಗವೂ ಉಂಟು. ದಿಲ್ಲಿ ವಿಶ್ವವಿದ್ಯಾಲಯಕ್ಕಾದರೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ. ಬಿ.ಕಾಂ. ಬಿಟ್ಟು ಐದು ವರ್ಷದ ಕೋರ್ಸಿಗೆ ಹಾರುವ ಯೋಚನೆ ಇದ್ದರೆ ಅದನ್ನು ಕೈಬಿಡಿ. ಇನ್ನು ಒಂದು ವರ್ಷ ಚಿಲ್ಲರೆ ಪದವಿಗೆ, ಮೂರು ವರ್ಷ ಎಲ್‌ಎಲ್‌ಬಿಗೆ ಎಂದು ಲೆಕ್ಕ ಹಾಕಿದರೆ ಈ ದಾರಿಯೇ ಬೇಗ ಮುಗಿಯುತ್ತದೆ, ಕೈಯಲ್ಲಿ ಎರಡು ಪದವಿಯೂ ಇರುತ್ತವೆ.

ಕೋಚಿಂಗ್ ಈಗ ಬೇಡ. ಸಿಇಟಿಗೆ ಓದುವುದು ಕೊನೆಯ ವರ್ಷದ ಐದಾರು ತಿಂಗಳ ಕೆಲಸ. ಎರಡನೇ ವರ್ಷದಲ್ಲಿ ಮಾಡಬೇಕಾದದ್ದು ಬೇರೆ: ಕೆಟಿ ತೀರಿಸುವುದು, ಕಾಗದಪತ್ರ ಹೊಂದಿಸುವುದು, ಇಂಗ್ಲಿಷಿನಲ್ಲಿ ಕಾನೂನು ಓದಿ ಬರೆಯುವ ಅಭ್ಯಾಸ ಬೆಳೆಸುವುದು. ಸಿಇಟಿಯಲ್ಲಿ ಒಳ್ಳೆಯ ಅಂಕ ಬಂದೂ ಸೀಟು ಕಳೆದುಕೊಳ್ಳುವವರು ಮೊದಲ ಎರಡರಲ್ಲಿ ಎಡವಿದವರು. ಸೀಟು ಸಿಕ್ಕಿಯೂ ಮೊದಲ ವರ್ಷ ಒದ್ದಾಡುವವರು ಮೂರನೆಯದನ್ನು ಬಿಟ್ಟವರು.

ಕೆಟಿಯಿಂದ ಆರಂಭಿಸೋಣ. ವಕೀಲಿ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಗೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಅಂಕ ಬೇಕು. ಕೊನೆಯ ವರ್ಷದಲ್ಲಿರುವವರು ಸಿಇಟಿ ಬರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಪ್ರವೇಶದ ಹೊತ್ತಿಗೆ ಆರೂ ಸೆಮಿಸ್ಟರಿನಲ್ಲಿ ಪಾಸಾದ ಮಾರ್ಕ್‌ಶೀಟುಗಳು ಕೈಯಲ್ಲಿರಬೇಕು. ಸಮಸ್ಯೆ ಹುಟ್ಟುವುದು ಇಲ್ಲೇ. ಕೆಟಿಯನ್ನು ‘ಕೊನೆಗೆ ನೋಡೋಣ’ ಎಂದು ಆರನೇ ಸೆಮಿಸ್ಟರಿನವರೆಗೆ ಎಳೆದರೆ ಅದರ ಫಲಿತಾಂಶ ರೆಗ್ಯುಲರ್ ಫಲಿತಾಂಶಕ್ಕಿಂತ ತಡವಾಗಿ ಬರುವ ಸಂಭವ ಹೆಚ್ಚು. ಮರುಮೌಲ್ಯಮಾಪನಕ್ಕೆ ಹಾಕಿದರೆ ಇನ್ನಷ್ಟು ವಾರ. ಅಷ್ಟರಲ್ಲಿ ಕೇಂದ್ರೀಕೃತ ಪ್ರವೇಶದ ಸುತ್ತುಗಳು, ಅಂದರೆ ಕ್ಯಾಪ್ ರೌಂಡುಗಳು, ನಡೆದುಹೋಗುತ್ತವೆ. ಮಾರ್ಕ್‌ಶೀಟಿಲ್ಲದವರಿಗಾಗಿ ಅವು ಕಾಯುವುದಿಲ್ಲ.

ಆದ್ದರಿಂದ ಈ ಪೇಪರನ್ನು ಮುಂದಿನ ಅವಕಾಶದಲ್ಲೇ ಮುಗಿಸಿ. ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ಮೂರು ವಿಷಯ ಕೇಳಿ: ನೀವು ಬಿದ್ದಿರುವುದು ಆಂತರಿಕ ಅಂಕದಲ್ಲೋ ಬರಹದ ಪರೀಕ್ಷೆಯಲ್ಲೋ, ಕೆಟಿ ಫಾರ್ಮ್ ತುಂಬುವ ದಿನ ಯಾವುದು, ಪರೀಕ್ಷೆ ಹಳೆಯ ಪಠ್ಯಕ್ರಮದಲ್ಲೋ ಹೊಸದರಲ್ಲೋ. ಆಂತರಿಕ ಅಂಕದ ಕೆಟಿಯಾದರೆ ಅಸೈನ್‌ಮೆಂಟಿನಲ್ಲೇ ತೀರಬಹುದು. ಅದು ಗೊತ್ತಿಲ್ಲದೆ ಇಡೀ ಪುಸ್ತಕ ಮತ್ತೆ ಓದಿದವರಿದ್ದಾರೆ. ಪ್ರತಿ ಸೆಮಿಸ್ಟರಿನ ಮಾರ್ಕ್‌ಶೀಟಿನ ಮೂಲಪ್ರತಿಯನ್ನು ಆಗಾಗಲೇ ತೆಗೆದುಕೊಂಡು ಸ್ಕ್ಯಾನ್ ಮಾಡಿಡಿ. ನಿಮ್ಮಲ್ಲಿ ಗ್ರೇಡು ಪದ್ಧತಿಯಿದ್ದರೆ ಸಿಜಿಪಿಎಯನ್ನು ಶೇಕಡಾವಾರಿಗೆ ಪರಿವರ್ತಿಸುವ ವಿಶ್ವವಿದ್ಯಾಲಯದ ಪತ್ರ ಬೇಕಾಗುತ್ತದೆ. ಮೊದಲೇ ಕೇಳಿ ಪಡೆಯಿರಿ.

ಹೊಸ ಶಿಕ್ಷಣ ನೀತಿಯಲ್ಲಿ ನಾಲ್ಕನೇ ವರ್ಷದ ಆನರ್ಸ್ ಆಯ್ಕೆ ಇದೆ. ಎಲ್‌ಎಲ್‌ಬಿಗೆ ಅದು ಬೇಕಿಲ್ಲ, ಮೂರು ವರ್ಷದ ಪದವಿ ಸಾಕು. ಕಾನೂನಿಗೆ ಇಂಥದ್ದೇ ವಿಷಯದ ಪದವಿ ಆಗಬೇಕೆಂಬ ನಿಯಮವೂ ಇಲ್ಲ. ಐಚ್ಛಿಕ ವಿಷಯಗಳಲ್ಲಿ ರಾಜ್ಯಶಾಸ್ತ್ರವೋ ಅರ್ಥಶಾಸ್ತ್ರವೋ ಸಿಕ್ಕಿದರೆ ತೆಗೆದುಕೊಳ್ಳಿ, ಸಿಗದಿದ್ದರೆ ಚಿಂತೆ ಬೇಡ. ಬಿ.ಕಾಂ. ಓದಿದವರಿಗೆ ಇರುವ ಅನುಕೂಲವನ್ನು ಹಲವರು ಗಮನಿಸುವುದೇ ಇಲ್ಲ. ಬ್ಯಾಲೆನ್ಸ್ ಶೀಟು ಓದಬಲ್ಲ ವಕೀಲರಿಗೆ ಮುಂಬಯಿಯಲ್ಲಿ ಕೆಲಸವಿದೆ. ಜಿಎಸ್‌ಟಿ, ಕಂಪನಿ ವ್ಯಾಜ್ಯ, 2016ರ ದಿವಾಳಿ ಸಂಹಿತೆ, ಚೆಕ್ ಬೌನ್ಸ್ ಇವೆಲ್ಲ ಲೆಕ್ಕ ಗೊತ್ತಿದ್ದವರ ಕ್ಷೇತ್ರ. ಅಕೌಂಟ್ಸನ್ನು ಪಾಸಾದರೆ ಸಾಕು ಎಂಬ ಮನಸ್ಸಿನಿಂದ ಓದಬೇಡಿ.

ಇನ್ನು ಕಾಗದಪತ್ರ. ಇದರಲ್ಲಿ ಹೊರನಾಡಿನ ಕನ್ನಡ ಕುಟುಂಬಗಳಿಗೆ ಬರುವ ತೊಡಕುಗಳೇ ಬೇರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೀಸಲಾತಿಯ ಬಗ್ಗೆ ನೇರವಾಗಿ ಹೇಳುವುದಾದರೆ, ನಿಮಗೆ ಮಹಾರಾಷ್ಟ್ರದಲ್ಲಿ ಅದು ಸಿಗುವುದಿಲ್ಲ ಎಂದು ಇಟ್ಟುಕೊಂಡೇ ತಯಾರಾಗಿ. ಒಂದು ರಾಜ್ಯದ ಪಟ್ಟಿಯಲ್ಲಿರುವ ಜಾತಿ ಇನ್ನೊಂದು ರಾಜ್ಯಕ್ಕೆ ವಲಸೆ ಹೋದಾಗ ಅಲ್ಲಿನ ಮೀಸಲಾತಿಯನ್ನು ಜೊತೆಗೆ ಒಯ್ಯುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಗ್ಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೀಗೆಂದಿತು, 2018ರ ಬೀರ್ ಸಿಂಗ್ ಪ್ರಕರಣದಲ್ಲೂ ಅದೇ ನಿಲುವು ಉಳಿಯಿತು. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಕೇಳುವಾಗ ಕುಟುಂಬ ಇಂತಿಂಥ ದಿನಾಂಕಕ್ಕೆ ಮೊದಲೇ ಇಲ್ಲಿ ನೆಲೆಸಿತ್ತು ಎಂದು ತೋರಿಸಬೇಕು: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಹಿಂದುಳಿದ ವರ್ಗಕ್ಕೆ 13 ಅಕ್ಟೋಬರ್ 1967. ತಂದೆ 1990ರಲ್ಲಿ ಬಂದಿದ್ದರೆ ಈ ಗೆರೆಯ ಆಚೆಗೆ ಉಳಿಯುತ್ತೀರಿ. ನೀವು ಹುಟ್ಟಿದ್ದು ಡೊಂಬಿವಲಿಯಲ್ಲೇ ಆದರೂ ಇದು ಬದಲಾಗುವುದಿಲ್ಲ. ಅಜ್ಜನೋ ಮುತ್ತಜ್ಜನೋ 1967ಕ್ಕಿಂತ ಮೊದಲೇ ಮುಂಬಯಿಗೆ ಬಂದು ನೆಲೆಸಿದ್ದರೆ, ಅವರ ಶಾಲಾ ದಾಖಲೆ, ಗಿರಣಿಯ ಸೇವಾ ಪುಸ್ತಕ, ಹಳೆಯ ರೇಷನ್ ಕಾರ್ಡು ಇಂಥದ್ದೇನಾದರೂ ಉಳಿದಿದ್ದರೆ, ಆಗ ಮಾತು ಬೇರೆ. ಕಾಗದ ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಬಹುದು. ಆ ದಾರಿ ಹಿಡಿಯುವವರಿಗೆ ಜಾತಿ ಪ್ರಮಾಣಪತ್ರವೊಂದೇ ಸಾಲದು. ಆ ಪತ್ರ ಸಾಚಾ ಎಂದು ಜಿಲ್ಲಾ ಪರಿಶೀಲನಾ ಸಮಿತಿ ಕೊಡುವ ಕಾಸ್ಟ್ ವ್ಯಾಲಿಡಿಟಿಯೂ, ಕುಟುಂಬ ಕೆನೆಪದರಕ್ಕೆ ಸೇರಿಲ್ಲ ಎನ್ನುವ ನಾನ್ ಕ್ರೀಮಿ ಲೇಯರ್ ಪತ್ರವೂ ಬೇಕು. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಎರಡನೇ ವರ್ಷದಲ್ಲೇ ಅರ್ಜಿ ಹಾಕಬೇಕು.

ದುಡ್ಡು ಕೊಟ್ಟರೆ ಇಲ್ಲಿಯ ಜಾತಿ ಪತ್ರ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರ ಬಳಿ ದಯವಿಟ್ಟು ಹೋಗಬೇಡಿ. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಕಾಯ್ದೆಯ ಪ್ರಕಾರ ಸುಳ್ಳು ಪತ್ರದಿಂದ ಪಡೆದ ಪ್ರವೇಶ ರದ್ದಾಗುತ್ತದೆ, ಪಡೆದ ಪದವಿಗೂ ಕುತ್ತು ಬರುತ್ತದೆ, ಕ್ರಿಮಿನಲ್ ಮೊಕದ್ದಮೆ ಬೇರೆ. ವಕೀಲನಾಗಲು ಹೊರಟವನ ಹೆಸರಿನ ಮೇಲೆ ಅಂಥದ್ದೊಂದು ಮೊಕದ್ದಮೆ ಇರುವುದು ಯಾವ ಸೀಟಿನ ಬೆಲೆಗೂ ಸಲ್ಲದು.

ಆದರೆ ಓಪನ್ ವರ್ಗದಲ್ಲೂ ನೀವು ಮಹಾರಾಷ್ಟ್ರದ ಅಭ್ಯರ್ಥಿ ಎಂದು ಗುರುತಿಸಿಕೊಳ್ಳುವುದು ಮುಖ್ಯ. ಹೊರರಾಜ್ಯದವರಿಗೆ ಸೀಟು ಕಡಿಮೆ. ಅದಕ್ಕಾಗಿ ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎನ್ನುವ ಪತ್ರ ಮಾಡಿಸಿ. ಡೊಂಬಿವಲಿ ಕಲ್ಯಾಣ ತಾಲೂಕಿಗೆ ಸೇರುತ್ತದೆ, ಅರ್ಜಿಯನ್ನು ರಾಜ್ಯ ಸರ್ಕಾರದ ‘ಆಪ್‌ಲೆ ಸರ್ಕಾರ್’ ಪೋರ್ಟಲಿನಲ್ಲೋ ಸೇತು ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲೋ ಕೊಡಬಹುದು. ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ರೇಷನ್ ಕಾರ್ಡ್, ಲೈಟ್ ಬಿಲ್, ಆಧಾರ್ ಹೊಂದಿಸಿಕೊಳ್ಳಿ. ಬಾಡಿಗೆ ಮನೆ ಬದಲಿಸುತ್ತಾ ಬಂದ ಕುಟುಂಬಗಳಲ್ಲಿ ವಿಳಾಸದ ದಾಖಲೆ ತುಂಡುತುಂಡಾಗಿರುತ್ತದೆ. ಅಂಥವರಿಗೆ ಒಂದನೇ ತರಗತಿಯಿಂದ ಇಲ್ಲೇ ಓದಿದ ಶಾಲಾ ದಾಖಲೆಗಳೇ ದೊಡ್ಡ ಆಧಾರ.

ಹೆಸರಿನ ತೊಡಕು ಇನ್ನೊಂದು. ಎಸ್‌ಎಸ್‌ಸಿ, ಅಂದರೆ ಹತ್ತನೆಯ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿಮ್ಮ ಹೆಸರು, ಆಮೇಲೆ ತಂದೆಯ ಹೆಸರು. ಆಧಾರಿನಲ್ಲಿ ಊರಿನ ರೀತಿಯಲ್ಲಿ ಇನಿಶಿಯಲ್. ಪ್ಯಾನಿನಲ್ಲಿ ಮತ್ತೊಂದು ಕಾಗುಣಿತ. ಸಿಇಟಿ ಅರ್ಜಿ, ದಾಖಲೆ ಪರಿಶೀಲನೆ, ಮುಂದೆ ಬಾರ್ ಕೌನ್ಸಿಲಿನ ನೋಂದಣಿ, ಎಲ್ಲ ಕಡೆಯೂ ಇದು ಕಾಡುತ್ತದೆ. ಎಸ್‌ಎಸ್‌ಸಿಯ ಹೆಸರನ್ನೇ ಅಳತೆಗೋಲಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್, ಪ್ಯಾನ್ ತಿದ್ದಿಸುವುದು ಸುಲಭ. ಎಸ್‌ಎಸ್‌ಸಿಯಲ್ಲೇ ತಪ್ಪಿದ್ದರೆ ಶಾಲೆಯ ಮೂಲಕ ಬೋರ್ಡಿಗೆ ಬರೆಯಬೇಕು. ಹೆಸರನ್ನೇ ಬದಲಿಸಿಕೊಂಡಿದ್ದರೆ ರಾಜ್ಯದ ಗೆಜೆಟಿನಲ್ಲಿ ಪ್ರಕಟಿಸಬೇಕು. ಎಲ್ಲಕ್ಕೂ ಸಮಯ ಹಿಡಿಯುತ್ತದೆ, ನಿಮ್ಮ ಬಳಿ ಈಗ ಸಮಯವಿದೆ.

ಮೂರನೆಯ ಕೆಲಸಕ್ಕೆ ಬರೋಣ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆಯಲ್ಲ. ಆದರೆ ಬಾಂಬೆ ಹೈಕೋರ್ಟಿನ ಭಾಷೆ ಇಂಗ್ಲಿಷ್, ತೀರ್ಪುಗಳ ಭಾಷೆ ಇಂಗ್ಲಿಷ್, ಸಿಇಟಿಯ ಮೂರನೇ ಒಂದು ಪಾಲೂ ಇಂಗ್ಲಿಷ್. ತಪ್ಪಿಸಿಕೊಳ್ಳುವ ದಾರಿಯಿಲ್ಲ, ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಒಂದೂವರೆ ವರ್ಷದಲ್ಲಿ ದಾಟಬಹುದಾದ ದೂರ ಅದು. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಿಂದ ಇಲ್ಲಿ ಹೆಚ್ಚು ಉಪಯೋಗವಿಲ್ಲ. ನಿಮಗೆ ಬೇಕಾದದ್ದು ಉದ್ದ ವಾಕ್ಯವನ್ನು ಬಿಡಿಸಿ ಓದುವ, ಸಣ್ಣ ವಾಕ್ಯದಲ್ಲಿ ಸ್ಪಷ್ಟವಾಗಿ ಬರೆಯುವ ಶಕ್ತಿ.

ಅಭ್ಯಾಸಕ್ಕೆ ಅತ್ಯುತ್ತಮ ಸಾಮಗ್ರಿ ಬೇರ್ ಆಕ್ಟ್, ಅಂದರೆ ಟೀಕೆ ವ್ಯಾಖ್ಯಾನಗಳಿಲ್ಲದ ಕಾಯ್ದೆಯ ಮೂಲಪಠ್ಯ. ಇಂಡಿಯಾ ಕೋಡ್ ಎಂಬ ಸರ್ಕಾರಿ ಜಾಲತಾಣದಲ್ಲಿ ಕೇಂದ್ರದ ಕಾಯ್ದೆಗಳು ಉಚಿತವಾಗಿ ಸಿಗುತ್ತವೆ. ಬಿಸಿನೆಸ್ ಲಾ ಪೇಪರಿನಲ್ಲಿ ಬರುವ 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ, ಚೆಕ್ಕು, ಹುಂಡಿಗಳ ಕುರಿತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗಳನ್ನೇ ಆರಿಸಿಕೊಳ್ಳಿ. ಪದವಿಗೂ ಆಯಿತು, ಎಲ್‌ಎಲ್‌ಬಿಗೂ ಆಯಿತು. ಗೈಡ್ ಪುಸ್ತಕದಲ್ಲಿ ಸಾರಾಂಶ ಓದಿದವನಿಗೆ ವಿಷಯ ಗೊತ್ತಿರುತ್ತದೆ, ಕಾಯ್ದೆ ಗೊತ್ತಿರುವುದಿಲ್ಲ.

ಹೇಗೆ ಓದಬೇಕೆಂಬುದಕ್ಕೆ ಈ 1881ರ ಕಾಯ್ದೆಯಲ್ಲಿರುವ ಚೆಕ್ ಬೌನ್ಸಿನ 138ನೇ ಸೆಕ್ಷನ್ ಒಳ್ಳೆಯ ಪಾಠ. ಇಡೀ ಸೆಕ್ಷನ್ ಒಂದೆರಡು ಉದ್ದ ವಾಕ್ಯ. ಮೊದಲ ಸಲ ಓದಿದಾಗ ತಲೆಬುಡ ತಿಳಿಯುವುದಿಲ್ಲ. ಪೆನ್ಸಿಲ್ ಹಿಡಿದು ಮೊದಲು ಮುಖ್ಯ ಮಾತನ್ನು ಬೇರ್ಪಡಿಸಿ: ಸಾಲ ಅಥವಾ ಹೊಣೆ ತೀರಿಸಲು ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ ಅದು ಅಪರಾಧ, ಎರಡು ವರ್ಷದವರೆಗೆ ಸಜೆ, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಅದರ ಕೆಳಗಿರುವುದು ಪರಂತುಕ, ಎಂದರೆ ‘ಆದರೆ ಈ ಷರತ್ತುಗಳು ಪೂರೈಸದ ಹೊರತು ಅನ್ವಯಿಸದು’ ಎನ್ನುವ ಭಾಗ. ಚೆಕ್ಕನ್ನು ಅದರ ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು, ಈಗ ಆ ಅವಧಿ ಮೂರು ತಿಂಗಳು. ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ 15 ದಿನದೊಳಗೆ ಹಣ ಬಾರದಿರಬೇಕು. ಅಲ್ಲಿಂದ ಒಂದು ತಿಂಗಳೊಳಗೆ ದೂರು ಕೊಡಬೇಕೆಂಬುದು ಇಲ್ಲಿಲ್ಲ, 142ನೇ ಸೆಕ್ಷನ್ನಿನಲ್ಲಿದೆ. ಅಲ್ಲಿಗೂ ಹೋಗಿ ಓದಬೇಕು. ಈಗ ಒಂದು ಕಾಲ್ಪನಿಕ ಚೆಕ್ಕು ತೆಗೆದುಕೊಂಡು ಕ್ಯಾಲೆಂಡರಿನ ಮೇಲೆ ಪ್ರತಿ ದಿನಾಂಕವನ್ನೂ ಗುರುತು ಮಾಡಿ, ಒಂದು ದಿನ ತಡವಾದರೆ ಏನಾಗುತ್ತದೆಂದು ಯೋಚಿಸಿ. ನಿಯಮ, ಷರತ್ತು, ಸಂಗತಿ ಮೂರನ್ನೂ ಜೋಡಿಸಿ ತೀರ್ಮಾನಕ್ಕೆ ಬರುವ ಈ ಅಭ್ಯಾಸವನ್ನೇ ಸಿಇಟಿಯ ಲೀಗಲ್ ರೀಸನಿಂಗ್ ಭಾಗ ಕೇಳುವುದು, ಎಲ್‌ಎಲ್‌ಬಿ ಪರೀಕ್ಷೆ ಕೇಳುವುದು, ಕಕ್ಷಿದಾರ ಕೇಳುವುದೂ ಅದನ್ನೇ.

ಪುಸ್ತಕ ಕೊಳ್ಳುವಾಗ ಎಚ್ಚರ. ಫ್ಲೋರಾ ಫೌಂಟನ್ ಬಳಿಯ ಹಳೆಯ ಪುಸ್ತಕದ ಸಾಲಿನಲ್ಲಿ ಕಾನೂನು ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಕರಾರು ಕಾಯ್ದೆಯಂಥದ್ದಕ್ಕೆ ತೊಂದರೆಯಿಲ್ಲ. ಆದರೆ 1 ಜುಲೈ 2024ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ 302 ಎಂದು ಬಾಯಿಪಾಠ ಮಾಡಿದರೆ ಈಗ ತಪ್ಪು, ನ್ಯಾಯ ಸಂಹಿತೆಯಲ್ಲಿ ಅದು 103. ಜನರ ಬಾಯಲ್ಲಿ ಬೈಗುಳವೇ ಆಗಿಹೋದ 420ರ ವಂಚನೆ ಈಗ 318ರ ನಾಲ್ಕನೇ ಉಪಸೆಕ್ಷನ್. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ, ಹಳೆಯ ಕೋಚಿಂಗ್ ನೋಟ್ಸಿನಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ, ತಿದ್ದಿಕೊಂಡೇ ಓದಬೇಕು. 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ವಕೀಲರಿಗೆ ಇನ್ನೂ ಬಹಳ ವರ್ಷ ಎರಡೂ ಬೇಕು. ನಿಮಗೆ ಸದ್ಯಕ್ಕೆ ಹೊಸದು ಸಾಕು.

ಸಂವಿಧಾನವನ್ನು ಮೊದಲು ಕನ್ನಡದಲ್ಲೇ ಓದಿ, ಆಮೇಲೆ ಇಂಗ್ಲಿಷಿನಲ್ಲಿ. ಪೀಠಿಕೆ, 12ರಿಂದ 35ರವರೆಗಿನ ಮೂಲಭೂತ ಹಕ್ಕುಗಳು, ನಿರ್ದೇಶಕ ತತ್ವಗಳು, ರಾಷ್ಟ್ರಪತಿ ಮತ್ತು ಸಂಸತ್ತು, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟು, ತುರ್ತುಪರಿಸ್ಥಿತಿ, ಸಂವಿಧಾನ ತಿದ್ದುಪಡಿಯ 368ನೇ ವಿಧಿ. ಸಿಇಟಿಗೆ ಇಷ್ಟು ಗಟ್ಟಿಯಾದರೆ ಬಹಳ ದೂರ ಬಂದಂತೆ. ಜೊತೆಗೆ ಕೆಲವು ತೀರ್ಪುಗಳನ್ನೂ ಇಟ್ಟುಕೊಳ್ಳಿ. ಸಂವಿಧಾನ ಕಾನೂನಿನ ಮೂರು ಆಧಾರಸ್ತಂಭದಂಥ ತೀರ್ಪುಗಳಲ್ಲಿ ನಮ್ಮ ಕಡೆಯವರ ಹೆಸರೇ ಇವೆ. 24 ಏಪ್ರಿಲ್ 1973ರಂದು ಹದಿಮೂರು ನ್ಯಾಯಮೂರ್ತಿಗಳು 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದು ಎಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ. 356ನೇ ವಿಧಿಯಡಿ ರಾಜ್ಯ ಸರ್ಕಾರಗಳನ್ನು ವಜಾ ಮಾಡುವುದಕ್ಕೆ ಕಡಿವಾಣ ಹಾಕಿದ 1994ರ ತೀರ್ಪು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರದು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಇವುಗಳನ್ನು ಪೂರ್ತಿ ಓದಲು ಹೋಗಬೇಡಿ. ಕೇಶವಾನಂದದ ನೂರಾರು ಪುಟಗಳಲ್ಲಿ ಅನುಭವಿ ವಕೀಲರೂ ದಾರಿ ತಪ್ಪುತ್ತಾರೆ. ತೀರ್ಪಿನ ಮುಂದಿರುವ ಸಾರಾಂಶ, ಕೊನೆಯ ತೀರ್ಮಾನ ಇಷ್ಟು ಓದಿ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಉಚಿತ, ಹಲವಕ್ಕೆ ಕನ್ನಡ ಅನುವಾದವೂ ಇದೆ. ತಿಳಿಯದಿದ್ದಲ್ಲಿ ಅನುವಾದ ನೋಡಿ, ಆದರೆ ಟಿಪ್ಪಣಿ ಬರೆಯುವಾಗ ಇಂಗ್ಲಿಷ್ ಮೂಲವನ್ನೇ ಆಧರಿಸಿ.

ಪೂರ್ತಿ ಓದಲು ಚಿಕ್ಕ ತೀರ್ಪು ಬೇಕಾದರೆ 1903ರ ಮೊಹೊರಿ ಬೀಬಿ ಪ್ರಕರಣ. ಅಪ್ರಾಪ್ತ ವಯಸ್ಸಿನವನ ಕರಾರು ಆರಂಭದಿಂದಲೇ ಅಸಿಂಧು ಎಂದ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ಲಿನ ತೀರ್ಪು ಅದು. ಕರಾರು ಕಾಯ್ದೆಯ 10 ಮತ್ತು 11ನೇ ಸೆಕ್ಷನ್ ಪಕ್ಕದಲ್ಲಿಟ್ಟು ಓದಿ. ವಾರಕ್ಕೊಂದು ತೀರ್ಪನ್ನು ಒಂದು ಪುಟದಲ್ಲಿ, 250 ಪದ ಮೀರದಂತೆ, ಇಂಗ್ಲಿಷಿನಲ್ಲಿ ಕೈಯಿಂದ ಬರೆಯಿರಿ: ನಡೆದದ್ದೇನು, ಕೆಳಗಿನ ಕೋರ್ಟು ಏನೆಂದಿತು, ಪ್ರಶ್ನೆ ಯಾವುದು, ಉತ್ತರವೇನು, ಕಾರಣವೇನು. ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಿರುಗಿಸುವ ದಾರಿ ಬೇಡ, ವಾಕ್ಯ ಗಂಟುಗಂಟಾಗುತ್ತದೆ. ಹತ್ತು ಪದದ ವಾಕ್ಯವಾದರೂ ಸರಿ, ನೇರ ಇಂಗ್ಲಿಷಿನಲ್ಲಿ ಬರಲಿ. ನಮ್ಮ ಮಾಧ್ಯಮದವರು ತಪ್ಪುವುದು ಹೆಚ್ಚಾಗಿ ನಾಲ್ಕು ಕಡೆ: ಎ, ಆ್ಯನ್, ದಿ ಬಿಟ್ಟುಹೋಗುವುದು, ಏಕವಚನದ ಕರ್ತೃವಿಗೆ ಕ್ರಿಯಾಪದದ ಕೊನೆಯ ಎಸ್ ಮರೆಯುವುದು, ಹ್ಯಾಸ್ ಮತ್ತು ಹ್ಯಾಡ್ ಅದಲುಬದಲಾಗುವುದು, ಇನ್, ಆನ್, ಅಟ್ ಗೊಂದಲ. ಸಿಇಟಿಯ ವ್ಯಾಕರಣದ ಪ್ರಶ್ನೆಗಳೂ ಬಹುಪಾಲು ಇವುಗಳ ಸುತ್ತಲೇ ತಿರುಗುತ್ತವೆ. ಬರೆದದ್ದನ್ನು ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿ, ಕೆಂಪು ಗೆರೆ ಬಿದ್ದ ವಾಕ್ಯವನ್ನು ಸರಿಮಾಡಿ ಮತ್ತೆ ಬರೆಯಿರಿ. ಈ ಎರಡನೇ ಬರಹದಲ್ಲೇ ಕಲಿಕೆ ಇರುವುದು.

ಮರಾಠಿಯನ್ನು ಬಿಡಬೇಡಿ. ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ನಿಮಗೆ ಮರಾಠಿ ಬರುತ್ತದೆ, ಅದು ದೊಡ್ಡ ಬಂಡವಾಳ. ಕಲ್ಯಾಣ, ಠಾಣೆಯ ಕೋರ್ಟುಗಳಲ್ಲಿ ಎಫ್‌ಐಆರ್, ಪಂಚನಾಮೆ, ಸಾಕ್ಷಿ ಹೇಳಿಕೆ, ಸಾತ್‌ಬಾರಾ ಉತಾರೆ (ಜಮೀನಿನ ಪಹಣಿ) ಎಲ್ಲವೂ ಮರಾಠಿಯಲ್ಲೇ. ಮಾತಾಡಲು ಬಂದರೆ ಸಾಲದು, ಕೈಬರಹದ ಮರಾಠಿ ಓದಲು ಬರಬೇಕು. 18 ಆಗಸ್ಟ್ 2025ರಿಂದ ಬಾಂಬೆ ಹೈಕೋರ್ಟಿನ ಸರ್ಕಿಟ್ ಪೀಠ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದೆ. ಸೋಲಾಪುರ, ಸಾಂಗ್ಲಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಅಕ್ಕಲಕೋಟೆ, ಜತ್ತದ ಕಕ್ಷಿದಾರ ಮನೆಯಲ್ಲಾಡುವುದು ಕನ್ನಡ, ಅವನ ಕಾಗದ ಮರಾಠಿ, ವಾದ ಇಂಗ್ಲಿಷ್. ಮೂರನ್ನೂ ಬಲ್ಲ ವಕೀಲರು ಅಲ್ಲಿ ಎಷ್ಟಿದ್ದರೂ ಕಡಿಮೆಯೇ ಎಂಬುದು ನನ್ನ ನಂಬಿಕೆ.

ರಜೆಯಲ್ಲಿ ಕೋರ್ಟು ನೋಡಿ. ತೆರೆದ ನ್ಯಾಯಾಲಯದಲ್ಲಿ ಸಾರ್ವಜನಿಕರು ಕೂರಬಹುದು. ಗುರುತಿನ ಚೀಟಿ ಇಟ್ಟುಕೊಳ್ಳಿ, ಫೋನು ಮೌನವಾಗಿರಲಿ. ಮೊದಲ ದಿನವೇ ಹೈಕೋರ್ಟಿಗೆ ಹೋಗುವುದಕ್ಕಿಂತ ಕಲ್ಯಾಣ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ನೋಡಿದರೆ ಹೆಚ್ಚು ತಿಳಿಯುತ್ತದೆ. ಪರಿಚಯದ ವಕೀಲರಿದ್ದರೆ ಅವರ ಕಚೇರಿಯಲ್ಲಿ ಫೈಲು ಜೋಡಿಸುವ, ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮುಂದಿನ ತಾರೀಕು ನೋಡುವ ಕೆಲಸ ಕಲಿಯಿರಿ. ಆದರೆ ಪದವಿಯ ಹೊತ್ತಿನ ಈ ಅನುಭವ ಎಲ್‌ಎಲ್‌ಬಿಯ ಕಡ್ಡಾಯ ಇಂಟರ್ನ್‌ಶಿಪ್ಪಿಗೆ ಲೆಕ್ಕವಾಗುವುದಿಲ್ಲ. ಅದಕ್ಕೆ ಬೇಕಾದ 12 ವಾರಗಳನ್ನು ಎಲ್‌ಎಲ್‌ಬಿ ಓದುವಾಗಲೇ ಮಾಡಬೇಕು.

ಸಿಇಟಿಗೆ ಮೂರನೇ ವರ್ಷದ ದೀಪಾವಳಿ ರಜೆಯಿಂದ ಓದಿ. ಇತ್ತೀಚಿನ ಮಾದರಿಯಲ್ಲಿ 120 ಪ್ರಶ್ನೆ, 120 ನಿಮಿಷ, ಕಂಪ್ಯೂಟರಿನ ಮುಂದೆ. ಆ ವರ್ಷದ ಮಾಹಿತಿ ಪುಸ್ತಿಕೆ ಬಂದ ಕೂಡಲೇ ಮತ್ತೊಮ್ಮೆ ನೋಡಿಕೊಳ್ಳಿ. ಇಂಗ್ಲಿಷ್ ಮೂರನೇ ಒಂದು ಪಾಲು, ಸಾಮಾನ್ಯ ಜ್ಞಾನ ಮತ್ತು ಪ್ರಚಲಿತ ವಿದ್ಯಮಾನ ಕಾಲು ಭಾಗಕ್ಕಿಂತ ತುಸು ಹೆಚ್ಚು, ಕಾನೂನು ಮತ್ತು ತರ್ಕ ತಲಾ ಐದನೇ ಒಂದು ಪಾಲು. ಐದು ವರ್ಷದ ಸಿಇಟಿಯಲ್ಲಿರುವ ಗಣಿತ ಇಲ್ಲಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೊನೆಯ ಮೂರು ನಿಮಿಷ ಅದಕ್ಕೇ ಮೀಸಲಿಡಿ. ಇಂಗ್ಲಿಷ್ ಬಿಟ್ಟು ಉಳಿದ ಪ್ರಶ್ನೆಗಳು ಮರಾಠಿಯಲ್ಲೂ ಕಾಣಿಸುತ್ತವೆ. ಒಂದು ತೊಡಕೆಂದರೆ ಪರೀಕ್ಷೆ ಬೇಸಿಗೆಯ ಹೊತ್ತಿಗೆ, ಆರನೇ ಸೆಮಿಸ್ಟರಿನ ಆಸುಪಾಸಿನಲ್ಲೇ ಬರುವುದು. ಫೆಬ್ರವರಿಯ ಒಳಗೆ ಪಠ್ಯ ಮುಗಿಸಿ, ಆಮೇಲೆ ವಾರಕ್ಕೆರಡು ಮಾದರಿ ಪರೀಕ್ಷೆ ಮಾತ್ರ. ಪ್ರತಿ ಪರೀಕ್ಷೆಯ ನಂತರ ತಪ್ಪುಗಳನ್ನು ಗೊತ್ತಿಲ್ಲದ್ದು, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು ಎಂದು ಬೇರ್ಪಡಿಸಿ. ಮೊದಲನೆಯದಕ್ಕೆ ಓದು, ಎರಡನೆಯದಕ್ಕೆ ವೇಗ ತಗ್ಗಿಸುವುದು ಮದ್ದು.

ಕ್ಯಾಪಿನಲ್ಲಿ ಕಾಲೇಜುಗಳನ್ನು ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. 1855ರಲ್ಲಿ ಶುರುವಾದ ಚರ್ಚ್‌ಗೇಟಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಶುಲ್ಕ ಬಹಳ ಕಡಿಮೆ, ಪೈಪೋಟಿ ಬಹಳ ಹೆಚ್ಚು. ಫೋರ್ಟಿನ ಸಿದ್ಧಾರ್ಥ ಕಾನೂನು ಕಾಲೇಜು ನೀವು ಸಿಎಸ್‌ಎಂಟಿಯಲ್ಲಿ ಇಳಿದು ನಡೆಯುವಷ್ಟು ದೂರ. ಹತ್ತಿರವೇ ಬೇಕೆಂದರೆ ಠಾಣೆ. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಗೆ ದಿನಕ್ಕೆ ಎರಡೂವರೆ ಗಂಟೆಯಾದರೂ ರೈಲಿಗೆ ಹೋಗುತ್ತದೆ. ಆದರೂ ಕೋರ್ಟುಗಳ ಪಕ್ಕದಲ್ಲಿರುವ ಕಾಲೇಜಿಗೆ ಆ ಸಮಯ ಕೊಡಬಹುದೆಂದೇ ನನ್ನ ಅಭಿಪ್ರಾಯ, ಇಂಟರ್ನ್‌ಶಿಪ್ಪುಗಳಿರುವುದು ಅಲ್ಲೇ. ಹೊಸ ಖಾಸಗಿ ಕಾಲೇಜಾದರೆ ಬಾರ್ ಕೌನ್ಸಿಲಿನ ಮಾನ್ಯತೆ ಯಾವ ವರ್ಷದವರೆಗಿದೆ ಎಂದು ಕೌನ್ಸಿಲಿನ ಜಾಲತಾಣದಲ್ಲೇ ನೋಡಿ, ಕಾಲೇಜಿನ ಮಾತನ್ನಷ್ಟೇ ನಂಬಬೇಡಿ. ಮಾನ್ಯತೆಯಿಲ್ಲದ ಕಾಲೇಜಿನ ಪದವಿಯಿಂದ ಸನದು, ಅಂದರೆ ವಕೀಲಿಗೆ ಪರವಾನಗಿ, ಸಿಗುವುದಿಲ್ಲ.

ಕೆಲಸದ ಪ್ರಶ್ನೆ. ಎಲ್‌ಎಲ್‌ಬಿ ಪೂರ್ಣಾವಧಿ ಕೋರ್ಸು, ಬಾರ್ ಕೌನ್ಸಿಲ್ ನಿಯಮದಲ್ಲಿ ಶೇ. 70 ಹಾಜರಿ ಬೇಕು. ಬೆಳಗಿನಿಂದ ಸಂಜೆಯವರೆಗಿನ ನೌಕರಿ ಇದಕ್ಕೆ ಹೊಂದುವುದಿಲ್ಲ. ಹಾಜರಿ ‘ಹೇಗೋ ಆಗುತ್ತದೆ’ ಎನ್ನುವ ಕಾಲೇಜು ಹುಡುಕಿ ಸೇರಿದರೆ ಮೂರು ವರ್ಷದ ನಂತರ ಕೈಯಲ್ಲಿ ಕಾಗದವಿರುತ್ತದೆ, ತಲೆಯಲ್ಲಿ ಕಾನೂನಿರುವುದಿಲ್ಲ. ಸಂಜೆ ಹೊಟೇಲಿನ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವ ಅರೆಕಾಲಿಕ ಕೆಲಸ, ಟ್ಯೂಷನ್ ಇಂಥವು ನಡೆಯುತ್ತವೆ.

ಮನೆಯಲ್ಲಿ ಖರ್ಚಿನ ಮಾತಾಡುವಾಗ ಎಲ್‌ಎಲ್‌ಬಿಯ ಆಚೆಗಿನದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಕೀಲರ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 30 ಜುಲೈ 2024ರಂದು ಹೇಳಿದೆ, ಆ ಹೊರೆ ತಗ್ಗಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ಟಿಪ್ಪಣಿಯಿಲ್ಲದ ಬೇರ್ ಆಕ್ಟ್ ನೋಡಿ ಬರೆಯಬಹುದು. ಜೂನಿಯರ್ ಆಗಿ ಸೇರಿದ ಮೊದಲೆರಡು ವರ್ಷ ಕೈಗೆ ಬರುವುದು ಬಹಳ ಸಲ ರೈಲು ಪಾಸು, ಊಟದ ಖರ್ಚಿಗಷ್ಟೇ. ಸಂಬಳದ ಪೂರ್ಣಾವಧಿ ನೌಕರಿಯಲ್ಲಿದ್ದುಕೊಂಡು ವಕಾಲತ್ತು ನಡೆಸಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ನ್ಯಾಯಾಧೀಶನಾಗುವ ಆಸೆ ಮುಂದೆ ಹುಟ್ಟಿದರೂ, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕಾಲತ್ತು ಬೇಕೆಂದು 20 ಮೇ 2025ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ಅಂದರೆ ಪದವಿಯ ನಂತರ ಐದಾರು ವರ್ಷ ಮನೆಯ ಆಸರೆ ಬೇಕು. ಈ ಮಾತನ್ನು ತಂದೆಯವರ ಜೊತೆ ಈಗಲೇ, ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು ಮಾತಾಡಿ. ಕೆಟಿ ಫಾರ್ಮಿನ ಕೊನೆಯ ದಿನವನ್ನು ನಾಳೆಯೇ ಕಾಲೇಜಿನಲ್ಲಿ ವಿಚಾರಿಸಿ.